ಸೈಲೆನ್ಸರ್ ಬದಲಿಸಿದ್ದಾಯ್ತು, ಪೆಟ್ರೋಲ್ ಲೆಕ್ಕ ಸರಿಮಾಡೋದು ಹೇಗೆ?

ಹಾಸನದಿಂದ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಅವರ ಹತ್ತಿರ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಇದೆ. ಎರಡೂ ಸೈಲೆನ್ಸರ್ ಬದಲಿಸಿದ್ದಾರೆ, ಹೆಚ್ಚು ಗಾಳಿ ಎಳೆಯೋ ಏರ್ ಫಿಲ್ಟರನ್ನೂ ಹಾಕಿಸಿದ್ದಾರೆ. ಈಗ ಆಕ್ಸಿಲರೇಟರ್ ಬಿಟ್ಟ ತಕ್ಷಣ ಪಟಾಕಿ ಹೊಡೆದ ಹಾಗೆ ಸದ್ದು. ಗಾಡಿ ಮೊದಲಿಗಿಂತ ಬಿಸಿ ಅನ್ನಿಸ್ತಿದೆಯಂತೆ. ಕೈಯಲ್ಲಿ 25 ಸಾವಿರ ಇಟ್ಕೊಂಡಿದ್ದಾರೆ. ಫ್ಯುಯೆಲ್‌ಎಕ್ಸ್ ಹಾಕಿಸ್ಲಾ, ಪವರ್‌ಟ್ರಾನಿಕ್ ಹಾಕಿಸ್ಲಾ, ಇಲ್ಲಾ ಇಸಿಯು ರೀಮ್ಯಾಪ್ ಮಾಡಿಸ್ಲಾ ಅನ್ನೋದು ಅವರ ಪ್ರಶ್ನೆ.

ನನ್ನ ಗ್ಯಾರೇಜಿಗೂ ಇದೇ ಪ್ರಶ್ನೆ ಬರ್ತಾನೇ ಇರುತ್ತೆ. ನಾನು ಮೊದಲು ಕೇಳೋದು ಒಂದೇ: ನಿಮ್ಮ ಇಂಜಿನ್‌ಗೆ ಈಗ ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಸೇರ್ತಿದೆ ಅಂತ ಯಾರಾದ್ರೂ ಅಳೆದು ನೋಡಿದ್ದಾರಾ? ಸಾಮಾನ್ಯವಾಗಿ ಯಾರೂ ಅಳೆದಿರಲ್ಲ. ಬ್ರ್ಯಾಂಡ್ ಆಯ್ಕೆ ಮಾತ್ರ ಆಗಿಬಿಟ್ಟಿರುತ್ತೆ.

ಕಾರ್ಬುರೇಟರ್ ಕಾಲದಲ್ಲಿ ಸೈಲೆನ್ಸರ್ ಬದಲಿಸಿದ್ರೆ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿ, ಪ್ಲಗ್ ಬಿಚ್ಚಿ ಬಣ್ಣ ನೋಡ್ತಿದ್ವಿ. ಈಗ ಆ ಕೆಲಸ ಇಸಿಯುದು. ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಅನ್ನೋದನ್ನ ಅದೇ ತೀರ್ಮಾನಿಸುತ್ತೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯೋಕೆ 1 ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಈಗ ಬಂಕಿನಲ್ಲಿ ಸಿಗೋ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್‌ಗೆ ಅದು ಸುಮಾರು 13.5. ಅಂದ್ರೆ ಅಷ್ಟೇ ಗಾಳಿಗೆ ಇಂಧನ ಸ್ವಲ್ಪ ಹೆಚ್ಚೇ ಬೇಕು.

ಇಲ್ಲಿ ಒಂದು ವಿಷಯ ನಿಧಾನಕ್ಕೆ ಹೇಳ್ತೀನಿ, ಏಕೆಂದ್ರೆ ಆಯ್ಕೆ ನಿಂತಿರೋದೇ ಇದರ ಮೇಲೆ. ಸೈಲೆನ್ಸರ್ ಪೈಪಿನಲ್ಲಿರೋ ಆಕ್ಸಿಜನ್ ಸೆನ್ಸರ್ ಅಂಥಾ ಬುದ್ಧಿವಂತ ಏನಲ್ಲ. ಪೆಟ್ರೋಲ್ ಜಾಸ್ತಿಯಾಯ್ತಾ, ಕಮ್ಮಿಯಾಯ್ತಾ ಅಂತ ಹೇಳುತ್ತೆ, ಎಷ್ಟು ಅಂತ ಹೇಳಲ್ಲ. ಹೈವೇನಲ್ಲಿ ಒಂದೇ ಸ್ಪೀಡಲ್ಲಿ ಹೋಗ್ತಿರುವಾಗ ಇಸಿಯು ಅದರ ಮಾತು ಕೇಳಿ ತಿದ್ದಿಕೊಳ್ಳುತ್ತೆ. ಫುಲ್ ಆಕ್ಸಿಲರೇಟರ್ ಕೊಟ್ರೆ ಆ ಸೆನ್ಸರ್ ಮಾತನ್ನ ಪಕ್ಕಕ್ಕಿಟ್ಟು, ಕಂಪನಿಯವರು ತುಂಬಿದ ಕೋಷ್ಟಕ ನೋಡಿ ನಡೆಯುತ್ತೆ. ಆ ಕೋಷ್ಟಕಕ್ಕೆ ನಿಮ್ಮ ಹೊಸ ಸೈಲೆನ್ಸರ್ ಬಗ್ಗೆ ಗೊತ್ತಿಲ್ಲ. ಹಾಗಾಗಿ ತೊಂದರೆ ಇರೋದು ಮೇಲಿನ ಆರ್‌ಪಿಎಂನಲ್ಲಿ, ಲೋಡ್ ಬಿದ್ದಾಗ, ಶಿರಾಡಿ ಘಾಟಿ ಹತ್ತುವಾಗ. ಅಲ್ಲಿ ಇಂಜಿನ್ ಕೇಳೋದು 14.7 ಅಲ್ಲ. ಪೆಟ್ರೋಲ್ ಲೆಕ್ಕದಲ್ಲಿ 12.5ರಿಂದ 13ರ ಆಸುಪಾಸು. ಅದಕ್ಕಿಂತ ಲೀನ್ ಆದ್ರೆ ಬಿಸಿ ಏರುತ್ತೆ, ನಾಕಿಂಗ್ ಶುರುವಾಗುತ್ತೆ.

ಆದ್ರೆ ನಮ್ಮ ಹಾಸನದ ಗೆಳೆಯರ ಪಟಾಕಿ ಸದ್ದಿಗೆ ಕಾರಣ ಬಹುಶಃ ಇದಲ್ಲ. ಸೈಲೆನ್ಸರ್ ಜೋಡಿಸುವಾಗ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ರೆ ಜಾಯಿಂಟಿನಲ್ಲಿ ಹೊರಗಿನ ಗಾಳಿ ಒಳಗೆ ಹೋಗುತ್ತೆ, ಉರಿಯದೆ ಉಳಿದ ಪೆಟ್ರೋಲ್ ಪೈಪಿನಲ್ಲೇ ಹೊತ್ತಿಕೊಳ್ಳುತ್ತೆ. ಆ ಗಾಳಿ ಸೆನ್ಸರ್‌ಗೂ ಸುಳ್ಳು ಹೇಳುತ್ತೆ. ಹೊಸ ಗ್ಯಾಸ್ಕೆಟ್ ಹಾಕಿ, ಕ್ಲಾಂಪ್ ಬಿಗಿ ಮಾಡಿಸಿ, ವಾರ ಓಡಿಸಿ ನೋಡಿ. ಇದಕ್ಕೆ ಡಬ್ಬಿ ಬೇಡ.

ಇನ್ನು ಡಬ್ಬಿಗಳ ವಿಚಾರ. ಫ್ಯುಯೆಲ್‌ಎಕ್ಸ್, ಪವರ್‌ಟ್ರಾನಿಕ್ ಎರಡೂ ನಮ್ಮ ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನವರದ್ದು. ಎರಡೂ ಪಿಗ್ಗಿಬ್ಯಾಕ್. ಅಂದ್ರೆ ಕಂಪನಿ ಇಸಿಯು ಅಲ್ಲೇ ಇರುತ್ತೆ, ಇವು ಕಪ್ಲರ್ ಮೂಲಕ ವೈರಿಂಗ್ ಮಧ್ಯೆ ಕೂತು ಸಿಗ್ನಲ್ ತಿದ್ದುತ್ತವೆ. ವೈರ್ ಕತ್ತರಿಸೋ ಹಾಗಿಲ್ಲ, ಬೇಡ ಅಂದ್ರೆ ಬಿಚ್ಚಬಹುದು. ವ್ಯತ್ಯಾಸ ಏನಪ್ಪಾ ಅಂದ್ರೆ ಫ್ಯುಯೆಲ್‌ಎಕ್ಸ್ ಇಂಧನ ಮಾತ್ರ ನೋಡಿಕೊಳ್ಳುತ್ತೆ, ಪವರ್‌ಟ್ರಾನಿಕ್ ಇಂಧನದ ಜೊತೆ ಇಗ್ನಿಷನ್ ಟೈಮಿಂಗನ್ನೂ ಮುಟ್ಟುತ್ತೆ. ಅಮೆರಿಕದ ಡೈನೋಜೆಟ್‌ನವರ ಪವರ್ ಕಮಾಂಡರ್ ಕೂಡ ಪಿಗ್ಗಿಬ್ಯಾಕ್ ಜಾತಿಯದ್ದೇ.

ಟೈಮಿಂಗ್ ಅನ್ನೋದನ್ನ ಹಗುರವಾಗಿ ತಗೋಬೇಡಿ. ಪೆಟ್ರೋಲ್ ಸ್ವಲ್ಪ ಜಾಸ್ತಿಯಾದ್ರೆ ಮೈಲೇಜ್ ಹೋಗುತ್ತೆ, ಪ್ಲಗ್ ಕಪ್ಪಾಗುತ್ತೆ, ಅಷ್ಟೇ. ಸ್ಪಾರ್ಕ್ ಬೇಗ ಬಿದ್ರೆ ಪಿಸ್ಟನ್ ಹೋಗುತ್ತೆ. ಹೋದ ವರ್ಷ ಒಬ್ಬ ಹುಡುಗ ಗಾಡಿಯನ್ನ ಟೆಂಪೋದಲ್ಲಿ ಹಾಕ್ಕೊಂಡು ಬಂದಿದ್ದ. ಯಾರೋ ಕಳಿಸಿದ ಮ್ಯಾಪನ್ನ ಲೋಡ್ ಮಾಡಿ, ಸಾದಾ ಪೆಟ್ರೋಲಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ತುಮಕೂರು ರೋಡಲ್ಲಿ ಎಳೆದಿದ್ದಾನೆ. ಹೆಡ್ ಬಿಚ್ಚಿದ್ರೆ ಪಿಸ್ಟನ್ ತಲೆ ಮೇಲೆ ಹೆಬ್ಬೆರಳು ತೂರೋ ಅಷ್ಟು ತೂತು. "ಅಣ್ಣಾ, ಇನ್ನೂ ಹದಿನಾಲ್ಕು ಇಎಂಐ ಬಾಕಿ ಇದೆ" ಅಂದ. ಆ ಮ್ಯಾಪ್ ಮಾಡಿದವನ ಗಾಡಿಯಲ್ಲಿ ಅದು ಚೆನ್ನಾಗೇ ಓಡಿರಬಹುದು. ಅವನ ಫಿಲ್ಟರ್ ಬೇರೆ, ಸೈಲೆನ್ಸರ್ ಬೇರೆ, ಪೆಟ್ರೋಲ್ ಬೇರೆ.

ಇಸಿಯು ಫ್ಲ್ಯಾಶ್, ಜನ ರೀಮ್ಯಾಪ್ ಅನ್ನೋದು, ನೋಡೋಕೆ ಅಚ್ಚುಕಟ್ಟು. ಹೊರಗೆ ಡಬ್ಬಿ ಇಲ್ಲ, ಮಳೆಗಾಲದಲ್ಲಿ ಕಪ್ಲರ್ ತುಕ್ಕು ಹಿಡಿಯೋ ಚಿಂತೆ ಇಲ್ಲ. ಒಳ್ಳೆ ಕೈಯವರು ಮಾಡಿದ್ರೆ ಇದೇ ಉತ್ತಮ ಅಂತ ನಾನೂ ಒಪ್ಪುತ್ತೀನಿ. ಆದ್ರೆ ಮೂಲ ಫೈಲ್ ಬ್ಯಾಕಪ್ ತೆಗೆದು ನಿಮ್ಮ ಕೈಗೆ ಕೊಡ್ತಾರಾ ಕೇಳಿ. ನಾಳೆ ಶೋರೂಮಿನವರು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ರೆ ನಿಮ್ಮ ಟ್ಯೂನ್ ಅಳಿಸಿ ಹೋಗಬಹುದು. ವಾರಂಟಿ ಇದ್ರೆ ಅದರ ಆಸೆ ಬಿಡಿ.

ಪೂರ್ತಿ ಬೇರೆ ಇಸಿಯು, ಸ್ಟ್ಯಾಂಡ್‌ಅಲೋನ್ ಅಂತಾರಲ್ಲ, ಅದು ರೇಸ್ ಗಾಡಿಗೆ. ರಸ್ತೆ ಗಾಡಿಗೆ ಬೇಡ. ಒಂದೇ ಕಾರಣ ಹೇಳ್ತೀನಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಹತ್ತನೇ ಒಂದು ಭಾಗ ಕಮ್ಮಿ. ಕಂಪನಿ ಇಸಿಯು ಒತ್ತಡದ ಸೆನ್ಸರ್ ನೋಡಿ ಅದನ್ನ ತಾನೇ ಸರಿಮಾಡುತ್ತೆ, ಪಿಗ್ಗಿಬ್ಯಾಕ್ ಅದರ ಮೇಲೆ ಇಂತಿಷ್ಟು ಶೇಕಡಾ ಸೇರಿಸುತ್ತೆ. ಬರೀ ಥ್ರಾಟಲ್ ಮತ್ತು ಆರ್‌ಪಿಎಂ ನೋಡಿ ಬೆಂಗಳೂರಲ್ಲಿ ಟ್ಯೂನ್ ಮಾಡಿದ ಸ್ಟ್ಯಾಂಡ್‌ಅಲೋನ್, ಘಾಟಿ ಇಳಿದು ಪಣಂಬೂರು ಬೀಚ್ ಸೇರೋ ಹೊತ್ತಿಗೆ ಲೀನ್ ಆಗಿರುತ್ತೆ.

ಹಾಗಾದ್ರೆ ಹಾಸನದವರು ಏನು ಮಾಡಬೇಕು? ಬರೀ ಸೈಲೆನ್ಸರ್ ಬದಲಿಸಿದ್ದಿದ್ರೆ ಏನೂ ಬೇಡ ಅಂತಿದ್ದೆ. ಫಿಲ್ಟರ್ ಕೂಡ ಬದಲಾಗಿರೋದ್ರಿಂದ ಇಂಧನ ಮಾತ್ರ ತಿದ್ದೋ ಪಿಗ್ಗಿಬ್ಯಾಕ್ ಸಾಕು. ಕ್ಯಾಮ್, ಬೋರ್ ಏನೂ ಮುಟ್ಟಿಲ್ಲವಲ್ಲ, ಟೈಮಿಂಗ್ ಮುಟ್ಟೋ ಡಬ್ಬಿಗೆ ದುಡ್ಡು ಹಾಕಬೇಡಿ. 25 ಸಾವಿರ ಪೂರ್ತಿ ಡಬ್ಬಿಗೇ ಸುರಿಯದೆ ಒಂದು ಪಾಲನ್ನ ಡೈನೋಗೆ ಎತ್ತಿಡಿ. ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ಅಳೆಯೋರ ಹತ್ತಿರಾನೇ ಹೋಗಿ. ಡಬ್ಬಿ ಹಾಕೋ ಮುಂಚೆ ಒಂದು ರನ್, ಹಾಕಿದ ಮೇಲೆ ಒಂದು ರನ್, ಎರಡರ ಗ್ರಾಫೂ ಕೇಳಿ ತಗೊಳ್ಳಿ. ಬರೀ ಹಾರ್ಸ್‌ಪವರ್ ಗೆರೆ ಅಲ್ಲ, ಗಾಳಿ-ಇಂಧನದ ಗೆರೆಯೂ ಇರಬೇಕು. ಇಂಟರ್‌ಸೆಪ್ಟರ್ ಕಂಪನಿಯಿಂದ ಬರೋದೇ ಸುಮಾರು 47 ಹಾರ್ಸ್‌ಪವರ್. ಎರಡೋ ಮೂರೋ ಹೆಚ್ಚಾದ್ರೆ ಪುಣ್ಯ. ಹತ್ತು ಹೆಚ್ಚಾಗುತ್ತೆ ಅನ್ನೋರ ಅಂಗಡಿಯಿಂದ ಎದ್ದು ಬನ್ನಿ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡಿಗೆ ಮಿತಿ ಹಾಕುತ್ತೆ. 190(2)ರಲ್ಲಿ ಶಬ್ದ, ಹೊಗೆಗೆ 10,000 ರೂಪಾಯಿವರೆಗೂ ದಂಡ ಹಾಕಬಹುದು, ಲೈಸೆನ್ಸ್‌ಗೂ ಕುತ್ತು ಬರುತ್ತೆ. ಕರ್ಕಶ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸಿದ್ದನ್ನ ನೀವೂ ನೋಡಿರ್ತೀರಿ. ಪೆಟ್ರೋಲ್ ಜಾಸ್ತಿ ಸುರಿದ್ರೆ ಎಮಿಷನ್ ಟೆಸ್ಟಲ್ಲೂ ಕಾರ್ಬನ್ ಮೋನಾಕ್ಸೈಡ್ ಏರುತ್ತೆ. ಡಿಬಿ ಕಿಲ್ಲರ್ ತೆಗೆದಿದ್ರೆ ವಾಪಸ್ ಹಾಕಿ, ಆಮೇಲೆ ಡೈನೋಗೆ ಹೋಗಿ. ಅದು ಇದ್ದಾಗ ಒಂದು ಲೆಕ್ಕ, ಇಲ್ಲದಾಗ ಇನ್ನೊಂದು. ಹಳೇ ಸೈಲೆನ್ಸರ್‌ಗಳನ್ನ ಗುಜರಿಗೆ ಹಾಕಬೇಡಿ. ಗೋಣಿಚೀಲ ಸುತ್ತಿ ಅಟ್ಟದ ಮೇಲಿಡಿ, ಗಾಡಿ ಮಾರೋ ದಿನ ಕೊಳ್ಳೋರು ಮೊದಲು ಕೇಳೋದು ಅದನ್ನೇ.