ತೂಗಾಡುವ ರಾಸಾಯನಿಕ ಕ್ರಿಯೆಗಳು



ಎರಡು ವಸ್ತುಗಳನ್ನು ಬೆರಸಿದರೆ ಅವು ವರ್ತಿಸಿ, ಬೇರೊಂದಾಗಿ, ಕಡೆಗೆ ಶಾಂತವಾಗುವುವೆಂದು ನಾವೆಲ್ಲರೂ ಪಾಠಶಾಲೆಯಲ್ಲಿ ಕಲಿತಿರುವೆವಷ್ಟೆ. ಈ ಪಾಠವನ್ನು ಧಿಕ್ಕರಿಸುವಂತೆ ತೋರಿದ ದ್ರಾವಣವೊಂದರ ವಿಚಾರವನ್ನು ಇಂದು ನೋಡೋಣ.

1951ರಲ್ಲಿ ಸೋವಿಯತ್ ರಷ್ಯದ ವಿಜ್ಞಾನಿ ಬೋರಿಸ್ ಬೆಲೌಸೊವ್ ಅವರು, ಜೀವಕೋಶದಲ್ಲಿ ಸಿಟ್ರಿಕ್ ಆಮ್ಲವು ಉತ್ಕರ್ಷಣಗೊಳ್ಳುವ ಬಗೆಯನ್ನು ಗಾಜಿನ ಪಾತ್ರೆಯಲ್ಲಿ ಅನುಕರಿಸಲೆಳಸಿ, ಆ ಆಮ್ಲವನ್ನು ಬ್ರೋಮೇಟ್, ಸೀರಿಯಂ ಲವಣ, ಗಂಧಕಾಮ್ಲಗಳೊಡನೆ ಬೆರಸಿದರು. ಹಳದಿಯಾಗಿದ್ದ ದ್ರಾವಣವು ವರ್ಣರಹಿತವಾಯಿತು, ಅಲ್ಲಿಗೇ ನಿಲ್ಲದೆ ಮತ್ತೆ ಹಳದಿಯಾಯಿತು, ಮತ್ತೆ ತಿಳಿಯಾಯಿತು. ಹೀಗೆ ಅನೇಕಾವರ್ತಿ ನಡೆಯಿತು. ಅವರು ಬರೆದು ಕಳುಹಿದ ಲೇಖನವನ್ನು ಪತ್ರಿಕೆಯವರು ಹಿಂದಿರುಗಿಸಿದರು. ಇಂಥದು ಅಸಾಧ್ಯವೆಂಬುದೇ ಅವರ ತೀರ್ಪು. 1959ರಲ್ಲಿ, ವೈದ್ಯಕ್ಕೆ ಸಂಬಂಧಿಸಿದ ಸಂಕಲನವೊಂದರಲ್ಲಿ ಅದು ಚಿಕ್ಕ ಬರೆಹವಾಗಿ ಅಚ್ಚಾಯಿತು.

ಆ ಶಂಕೆ ನಿರಾಧಾರವಾದುದೆಂದು ಹೇಳಲಾಗದು. ಮುಚ್ಚಿದ ಪಾತ್ರೆಯೊಳಗಿನ ಕ್ರಿಯೆಯು ಸಮಸ್ಥಿತಿಯ ಕಡೆಗೇ ಸಾಗಬೇಕು. ಲೋಲಕದಂತೆ ಅದನ್ನು ದಾಟಿ ಹಿಂದುಮುಂದೆ ಆಡಲಾರದು. ಆದರೆ ಬಾವಿಯ ಏತವನ್ನು ನೆನೆಯಿರಿ. ಏತವು ಮೇಲೇರಿ ಕೆಳಗಿಳಿಯುತ್ತಿದ್ದರೂ ಬಾವಿಯ ನೀರು ತೆಗೆದಷ್ಟೂ ಕಡಮೆಯಾಗುತ್ತಲೇ ಇರುವುದಲ್ಲವೆ? ಇಲ್ಲಿಯೂ ಮೂಲದ್ರವ್ಯಗಳು ಒಂದೇ ಸಮನೆ ವ್ಯಯವಾಗುವುವು. ತೂಗಾಡುವುವು ನಡುವೆ ಹುಟ್ಟಿ ಅಳಿಯುವ ವಸ್ತುಗಳು ಮಾತ್ರ. ದ್ರವ್ಯ ತೀರಿದೊಡನೆ ಆಟವೂ ಮುಗಿಯುವುದು. ನಿಯಮಕ್ಕೆ ಭಂಗವೇನೂ ಇಲ್ಲ.

1961ರಲ್ಲಿ ಮಾಸ್ಕೋ ನಗರದ ತರುಣ ಸಂಶೋಧಕ ಅನಾತೊಲ್ ಝಬೊಟಿನ್ಸ್ಕಿ ಅವರು ಈ ಕಾರ್ಯವನ್ನು ಕೈಗೊಂಡು, ಸಿಟ್ರಿಕ್ ಆಮ್ಲದ ಬದಲು ಮ್ಯಾಲೊನಿಕ್ ಆಮ್ಲವನ್ನು ಬಳಸಿ, ಆಂದೋಲನವನ್ನು ಸ್ಪಷ್ಟಗೊಳಿಸಿದರು. ಇದರ ಒಳಗುಟ್ಟನ್ನು 1972ರಲ್ಲಿ ಫೀಲ್ಡ್, ಕೊರೊಶ್, ನಾಯ್ಸ್ ಎಂಬ ಮೂವರು ವಿವರಿಸಿದರು. ಬ್ರೋಮೈಡ್ ಹೆಚ್ಚಾಗಿರುವವರೆಗೆ ಅದು ಬ್ರೋಮಸ್ ಆಮ್ಲವನ್ನು ತಲೆಯೆತ್ತಗೊಡದು. ಬ್ರೋಮೈಡ್ ಒಂದು ಮಿತಿಗಿಂತ ಕೆಳಗಿಳಿದಾಗ, ಬ್ರೋಮಸ್ ಆಮ್ಲವು ತನ್ನನ್ನು ತಾನೇ ವೃದ್ಧಿಗೊಳಿಸಿಕೊಳ್ಳುತ್ತ ವೇಗದಿಂದ ಬೆಳೆಯುವುದು. ಸೀರಿಯಂ ಉತ್ಕರ್ಷಿತವಾಗಿ ಹಳದಿಯಾಗುವುದು. ಆ ಹಳದಿ ಸೀರಿಯಮ್ಮೇ ಮುಂದೆ ವರ್ತಿಸಿ ಬ್ರೋಮೈಡನ್ನು ಬಿಡುಗಡೆ ಮಾಡುವುದು. ಚಕ್ರವು ಪುನಃ ಮೊದಲಾಗುವುದು.

1974ರಲ್ಲಿ ಫೀಲ್ಡ್ ಮತ್ತು ನಾಯ್ಸ್ ಈ ಜಟಿಲ ವ್ಯವಹಾರವನ್ನು ಐದೇ ಹಂತಗಳಿಗೂ, ಮೂರೇ ಚರರಾಶಿಗಳಿಗೂ ಇಳಿಸಿ ಒಂದು ಗಣಿತಮಾದರಿಯನ್ನು ರಚಿಸಿದರು. ಅವರಿದ್ದ ಆರೆಗಾನ್ ಪ್ರಾಂತದಿಂದ ಅದಕ್ಕೆ ‘ಆರೆಗೊನೇಟರ್’ ಎಂಬ ಹೆಸರಾಯಿತು. ಮಾದರಿಯಲ್ಲಿ ಎಲ್ಲ ವಿವರಗಳೂ ಇರಲಾರವು. ಆದರೆ ಯಾವುವನ್ನು ಬಿಟ್ಟರೂ ಆಂದೋಲನ ಉಳಿಯುವುದು, ಯಾವುದನ್ನು ಬಿಟ್ಟರೆ ಅಳಿಯುವುದು ಎಂಬುದನ್ನು ಅದು ತಿಳಿಸುವುದು. ಕಾರಣವನ್ನು ಅರಿಯುವುದೆಂದರೆ ಇದೇ ಅಲ್ಲವೆ?

1980ರಲ್ಲಿ ಈ ಸಂಶೋಧನೆಗೆ ಲೆನಿನ್ ಬಹುಮಾನ ಸಂದಿತು. ಬೆಲೌಸೊವ್ ಅವರು 1970ರಲ್ಲಿಯೇ ತೀರಿಕೊಂಡಿದ್ದರು. ಸಿದ್ಧಾಂತವನ್ನು ಗೌರವಿಸುವುದು ಯುಕ್ತವೇ. ಆದರೆ ಅದರ ಹೆಸರಿನಲ್ಲಿ ಎದುರಿಗಿರುವ ಪಾತ್ರೆಯನ್ನು ನೋಡಲೊಲ್ಲೆವೆಂಬುದು ವಿಜ್ಞಾನವಾಗದು. ಆ ದ್ರಾವಣವನ್ನು ಕಲಸಿ ನೋಡಲು ಕೆಲವು ನಿಮಿಷಗಳು ಸಾಕಾಗಿದ್ದುವು.