ಕಾಂದಿವಲಿಯಿಂದ ಇಟಲಿಗೆ ಒಂದು ಆದಿತ್ಯವಾರ



ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಮುಂಬಯಿಯ ಪತ್ರಿಕೆಗಳಲ್ಲಿ ಇಟಲಿ ಪ್ರವಾಸದ ಜಾಹೀರಾತುಗಳು ಕಾಣಿಸಿಕೊಳ್ಳುತ್ತವೆ. ರೋಮ್, ಫ್ಲಾರೆನ್ಸ್, ವೆನಿಸ್ ಎಲ್ಲ ಒಂದೇ ವಾರದಲ್ಲಿ! ಆದರೆ ಹೋಗಿ ಬಂದವರನ್ನು ಕೇಳಿ ನೋಡಿ. ಅವರ ನೆನಪಿನಲ್ಲಿ ಉಳಿದಿರುವುದು ಗಡಿಬಿಡಿಯಲ್ಲಿ ನೋಡಿದ ಹತ್ತು ಊರುಗಳಲ್ಲ. ಗೆಳೆಯರ ಜತೆ ಹಳೆಯ ಬೀದಿಯೊಂದರಲ್ಲಿ ಸುಮ್ಮನೆ ಅಲೆದ ಒಂದು ದಿನ. ಆ ಸುಖಕ್ಕೆ ವೀಸಾವೇ ಬೇಕೆಂದಿಲ್ಲ. ಕಾಂದಿವಲಿಯವರಾದ ನಮಗೆ ಚರ್ಚ್‌ಗೇಟಿನ ಒಂದು ರಿಟರ್ನ್ ಟಿಕೆಟ್ ಸಾಕು.

ಇದು ತಮಾಷೆಯ ಮಾತಲ್ಲ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಮುಂಬಯಿಯ ಹಳೆಯ ಕೋಟೆಗೋಡೆಗಳನ್ನು ಕೆಡವಿಸಿದರು. ಅಮೆರಿಕದ ಅಂತರ್ಯುದ್ಧದ ದೆಸೆಯಿಂದ ಇಲ್ಲಿಯ ಹತ್ತಿ ವ್ಯಾಪಾರಿಗಳ ಕೈಯಲ್ಲಿ ಹಣ ಹರಿದಾಡುತ್ತಿದ್ದ ಕಾಲ ಅದು. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಜಾನ್ ರಸ್ಕಿನ್ ಬರೆದ ‘ದ ಸ್ಟೋನ್ಸ್ ಆಫ್ ವೆನಿಸ್’ ಓದಿದ ವಾಸ್ತುಶಿಲ್ಪಿಗಳಿಗೆ ವೆನಿಸ್ಸಿನ ಚೂಪು ಕಮಾನು, ಬಣ್ಣದ ಕಲ್ಲುಗಳ ಮೋಹ ಹಿಡಿದಿತ್ತು. ಆ ಮೋಹ ಹಡಗು ಹತ್ತಿ ಮುಂಬಯಿಗೂ ಬಂತು.

ಕಳೆದ ಚಳಿಗಾಲದ ಒಂದು ಆದಿತ್ಯವಾರ ನಾವು ನಾಲ್ವರು ಹೊರಟೆವು. ಒಬ್ಬಳು ಫೋರ್ಟಿನ ಬ್ಯಾಂಕೊಂದರಲ್ಲಿ ದುಡಿಯುವ ಗೆಳತಿ, ಇನ್ನೊಬ್ಬ ಶಾಲಾ ಶಿಕ್ಷಕ, ಮತ್ತೊಬ್ಬರು ನಾವೆಲ್ಲ ಅಣ್ಣ ಎಂದು ಕರೆಯುವ ಹಿರಿಯರು. ಅಣ್ಣ ಉಡುಪಿ ಕಡೆಯ ಹಳ್ಳಿಯಿಂದ ಹನ್ನೆರಡನೆಯ ವಯಸ್ಸಿಗೆ ಬಂದವರು. ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ಚಹಾ ಹಂಚಿ, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಈಗ ಮಗನಿಗೆ ಹೋಟೆಲು ಒಪ್ಪಿಸಿ ಊರಿಗೆ ಹಿಂತಿರುಗುವ ತಯಾರಿಯಲ್ಲಿದ್ದರು. “ಐವತ್ತು ವರ್ಷ ಮುಂಬಯಿಯಲ್ಲಿದ್ದೆ, ಏನು ನೋಡಿದೆ ಎಂದು ಊರಲ್ಲಿ ಕೇಳಿದರೆ ಏನು ಹೇಳಲಿ?” ಎಂದು ಅವರು ಕೇಳಿದ್ದೇ ನಮ್ಮ ಪ್ರವಾಸಕ್ಕೆ ಕಾರಣ.

ಸ್ಲೋ ಲೋಕಲಿನಲ್ಲಿ ಕಿಟಕಿಯ ಸೀಟು ಹಿಡಿದು ಹೋದೆವು. ಚರ್ಚ್‌ಗೇಟಿನಿಂದ ಐದು ನಿಮಿಷ ನಡೆದರೆ ಓವಲ್ ಮೈದಾನ. ಕ್ರಿಕೆಟ್ ಆಡುವ ಹುಡುಗರ ಆಚೆ ಸಾಲಾಗಿ ನಿಂತಿವೆ ಹೈಕೋರ್ಟು, ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ, ಹಳೆಯ ಸಚಿವಾಲಯ. ಸಚಿವಾಲಯವನ್ನು ಹೆನ್ರಿ ಸೇಂಟ್ ಕ್ಲೇರ್ ವಿಲ್ಕಿನ್ಸ್ ವೆನಿಸ್ಸಿನ ಗಾಥಿಕ್ ಶೈಲಿಯಲ್ಲೇ ಕಟ್ಟಿಸಿದ್ದು, 1874ರಲ್ಲಿ ಮುಗಿಯಿತು. ರಾಜಾಬಾಯಿ ಗೋಪುರದ ನಕ್ಷೆ ಬರೆದ ಗಿಲ್ಬರ್ಟ್ ಸ್ಕಾಟ್ ಮುಂಬಯಿಗೆ ಕಾಲಿಟ್ಟವರೇ ಅಲ್ಲ. ಹಣ ಕೊಟ್ಟವರು ಪ್ರೇಮಚಂದ್ ರಾಯಚಂದ್. ಹೆಸರು ಅವರ ತಾಯಿಯದು. 280 ಅಡಿಯ ಈ ಗೋಪುರ 1878ರಲ್ಲಿ ಸಿದ್ಧವಾಯಿತು.

“ಈ ಗಡಿಯಾರ ಮಾತ್ರ ನನಗೆ ಚೆನ್ನಾಗಿ ಗೊತ್ತು,” ಎಂದರು ಅಣ್ಣ. “ಚಹಾ ತಡವಾದರೆ ಬೈಗುಳ ಸಿಗುತ್ತಿತ್ತಲ್ಲ! ಅದರ ಸುತ್ತ ಏನಿದೆ ಎಂದು ನೋಡಲು ಪುರುಸೊತ್ತು ಎಲ್ಲಿತ್ತು?”

ಅಂದು ಪುರುಸೊತ್ತಿತ್ತು. ಗೋಪುರದ ಮೇಲೆ ಪಶ್ಚಿಮ ಭಾರತದ ನಾನಾ ಸಮುದಾಯಗಳ ಜನರ ಕಲ್ಲಿನ ಪ್ರತಿಮೆಗಳಿವೆ. ಶಿಕ್ಷಕ ಗೆಳೆಯ ಅದನ್ನು ಹೇಳಿದಾಗ ಅಣ್ಣ ಕೈಯನ್ನು ಹಣೆಗೆ ಅಡ್ಡ ಹಿಡಿದು ತುಂಬ ಹೊತ್ತು ನೋಡಿದರು. “ಅದರಲ್ಲಿ ನಮ್ಮ ಕಡೆಯವರು ಯಾರಾದರೂ ಇದ್ದಾರೋ?” ಎಂದು ಕೇಳಿದರು. ಬ್ಯಾಂಕಿನ ಗೆಳತಿ ತಟ್ಟನೆ, “ನಮ್ಮವರು ಮೇಲೆ ಯಾಕೆ ನಿಲ್ಲುತ್ತಾರೆ ಅಣ್ಣ? ಕೆಳಗೆ ಎಲ್ಲರ ಹೊಟ್ಟೆ ನೋಡಿಕೊಳ್ಳಬೇಕಲ್ಲ,” ಎಂದಳು. ನಕ್ಕೆವು. ಆದರೆ ಆ ಪ್ರಶ್ನೆ ದಿನವಿಡೀ ನಮ್ಮ ಜತೆ ನಡೆಯಿತು.

ಒಂದು ಉತ್ತರ ಕಾಲಿನ ಕೆಳಗೇ ಇತ್ತು. ಈ ಕಟ್ಟಡಗಳು ಕಟ್ಟಿದಾಗ ಸಮುದ್ರಕ್ಕೆ ಮುಖ ಮಾಡಿದ್ದವು. ಆಮೇಲೆ 1920ರ ದಶಕದಲ್ಲಿ ಬ್ಯಾಕ್‌ಬೇ ಕಡಲನ್ನು ತುಂಬಿಸುವ ಕೆಲಸ ನಡೆಯಿತು. ತುಂಬಿಸಲು ಕಲ್ಲು ಬಂದದ್ದು ಎಲ್ಲಿಂದ ಬಲ್ಲಿರಾ? ನಮ್ಮ ಕಾಂದಿವಲಿಯ ಗಣಿಯಿಂದ! ಗುಡ್ಡ ಅಗೆದು ರೈಲಿನಲ್ಲಿ ಸಾಗಿಸಿದರು. ಆ ಹೊಸ ನೆಲದ ಮೇಲೆ ಓವಲಿನ ಪಶ್ಚಿಮದ ಆರ್ಟ್ ಡೆಕೊ ಮನೆಗಳೂ ಮರೀನ್ ಡ್ರೈವೂ ಎದ್ದವು. ವೆನಿಸ್ ಕೂಡ ನೀರಿನಲ್ಲಿ ಮರದ ಕಂಬ ಹೊಡೆದು ನಿಲ್ಲಿಸಿದ ನಗರವೇ. 2018ರಲ್ಲಿ ಇಲ್ಲಿಯ 94 ಕಟ್ಟಡಗಳ ಗುಂಪು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕಾಲಾ ಘೋಡಾದ ಡೇವಿಡ್ ಸಸೂನ್ ಗ್ರಂಥಾಲಯವೂ ವೆನಿಸ್ಸಿನ ಕಮಾನುಗಳದ್ದೇ. ಅದರ ಹಳದಿ ಕಲ್ಲು ನಮ್ಮ ಪಕ್ಕದ ಮಾಲಾಡಿನದು. ಅಲ್ಲಿಂದ ಫ್ಲೋರಾ ಫೌಂಟನ್; ಫ್ಲೋರಾ ರೋಮನರ ಹೂದೇವತೆ. ದಾರಿಯಲ್ಲಿ ಇಡ್ಲಿ ವಡೆ, ಕಾಫಿ. ಕೊನೆಗೆ ಹಾರ್ನಿಮನ್ ವೃತ್ತದ ಎದುರಿನ ಟೌನ್ ಹಾಲ್. 1833ರ ಈ ಕಟ್ಟಡದಲ್ಲಿ ಏಷ್ಯಾಟಿಕ್ ಸೊಸೈಟಿಯಿದೆ. ಫ್ಲಾರೆನ್ಸಿನ ಮಹಾಕವಿ ದಾಂತೆಯ ‘ಡಿವೈನ್ ಕಾಮಿಡಿ’ಯ ಬಹು ಹಳೆಯ ಹಸ್ತಪ್ರತಿಯೊಂದು ಅದರ ಸಂಗ್ರಹದಲ್ಲಿದೆ. ಮುಸೊಲಿನಿ ಹತ್ತು ಲಕ್ಷ ಪೌಂಡು ಕೊಡುತ್ತೇನೆಂದರೂ ಸೊಸೈಟಿ ಕೊಡಲಿಲ್ಲವೆಂಬ ಕಥೆ ಮುಂಬಯಿಯಲ್ಲಿ ಪ್ರಚಲಿತ. ತನ್ನ ಊರಿನಿಂದ ಗಡಿಪಾರಾಗಿ ಮರಳಿ ಹೋಗಲಾಗದೆ ಸತ್ತ ಕವಿ ದಾಂತೆ. ಊರು ಬಿಟ್ಟವರ ಈ ನಗರದಲ್ಲಿ ಅವನ ಕಾವ್ಯಕ್ಕೆ ಜಾಗ ಸಿಕ್ಕಿದ್ದು ಸರಿಯಾಗಿಯೇ ಇದೆ.

ಮೆಟ್ಟಿಲ ಮೇಲೆ ಕುಳಿತೆವು. ಅಣ್ಣ ಎದುರಿನ ರಸ್ತೆಗಳನ್ನು ಬೆರಳು ತೋರಿಸಿ ಎಣಿಸತೊಡಗಿದರು. ಆ ಗಲ್ಲಿಯಲ್ಲಿ ಕ್ಯಾಂಟೀನಿತ್ತು, ಈ ಮೂಲೆಯಲ್ಲಿ ಮಲಗುತ್ತಿದ್ದೆವು, ಅಲ್ಲಿಯ ದೀಪದ ಕೆಳಗೆ ಪರೀಕ್ಷೆಗೆ ಓದಿದೆ. ನಾವು ಅವರಿಗೆ ಊರು ತೋರಿಸಲು ಕರೆತಂದಿದ್ದೆವು; ಈಗ ತೋರಿಸುತ್ತಿದ್ದವರು ಅವರು. ಯಾವ ಗೈಡಿನ ಪುಸ್ತಕದಲ್ಲೂ ಇಲ್ಲದ ಮುಂಬಯಿ ಅದು.

ಪ್ರಿಯ ಕೇಳುಗರೆ, ನಿಮ್ಮ ಮನೆಯಲ್ಲೂ ಇಂಥ ಹಿರಿಯರೊಬ್ಬರಿರಬಹುದು. ಈ ನಗರವನ್ನು ಹೊತ್ತು ನಡೆಸಿದರೂ ಕತ್ತೆತ್ತಿ ನೋಡಲು ಬಿಡುವಿಲ್ಲದವರು. ಅವರು ಊರಿನ ಬಸ್ಸು ಹತ್ತುವ ಮೊದಲು ಒಂದು ಆದಿತ್ಯವಾರ ಕರೆದುಕೊಂಡು ಹೋಗಿ. ಹೊರಡುವ ಮುನ್ನ ಜಂಬೋ ಬ್ಲಾಕ್ ಇದೆಯೇ ಎಂದು ನೋಡಿಕೊಳ್ಳಿ. ನೀರಿನ ಬಾಟಲಿ, ಒಂದು ಟೋಪಿ ಇರಲಿ. ಅವರು ನಿಂತಲ್ಲಿ ನೀವೂ ನಿಲ್ಲಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಕಲ್ಲಿನ ಕಟ್ಟಡಗಳನ್ನು ಕಾಯಲು ಯುನೆಸ್ಕೊ ಇದೆ. ಆ ಮಾತುಗಳನ್ನು ಕಾಯಬೇಕಾದವರು ನಾವೇ.