ಕಿವಿಗೊಪ್ಪುವ ಮುಳ್ಳು

ಮುಂಬೈಯ ಸಯನ್ ಪೂರ್ವದ ಷಣ್ಮುಖಾನಂದ ಸಭಾಂಗಣದಲ್ಲಿ ಕಛೇರಿ ಕೇಳಿ ಪಳಗಿದ ಕಿವಿಗೆ, ಮನೆಯ ಎಲ್‌ಪಿ ರೆಕಾರ್ಡೂ ಹಾಗೇ ನುಡಿಯಬೇಕೆಂಬ ಆಸೆ. ರೆಕಾರ್ಡಿನ ಗೀರಿನಲ್ಲಿ ಓಡುವ ವಜ್ರದ ಮುಳ್ಳಿನ ನಡುಕವನ್ನು ವಿದ್ಯುತ್ತಾಗಿಸುವುದು ಕಾರ್ಟ್ರಿಜ್. ಮುಳ್ಳಿನ ತುದಿ ದುಂಡಗಿರುವುದಕ್ಕಿಂತ ಅಂಡಾಕಾರವಾಗಿದ್ದರೆ ಗೀರಿನ ಸಣ್ಣ ತಿರುವುಗಳೂ ಸಿಗುತ್ತವೆ. ತಂಬೂರಿಯ ಝೇಂಕಾರ ಬಿಡಿಬಿಡಿಯಾಗಿ ಕೇಳುತ್ತದೆ. ಆದರೆ ವಯಸ್ಸಾದಂತೆ ತೀಕ್ಷ್ಣ ನಾದಗಳೇ ಕಿವಿಗೆ ಮೊದಲು ಮಸುಕಾಗುವುದು. ಮೊಮ್ಮಗನಿಗೆ ಚುಚ್ಚುವ ಕಾರ್ಟ್ರಿಜ್ ಅಜ್ಜನಿಗೆ ಹಿತವೆನಿಸಬಹುದು. ಇಬ್ಬರೂ ಸರಿಯೇ. ರೆಕಾರ್ಡಿನ ಮೇಲೆ ಬೀಳುವ ಮುಳ್ಳಿನ ಭಾರ ಮಾತ್ರ ತಯಾರಕರು ಹೇಳಿದಷ್ಟೇ ಇರಲಿ, ಸಾಮಾನ್ಯವಾಗಿ 2 ಗ್ರಾಂ ಆಸುಪಾಸು. ಆಮೇಲೆ, ನೀವು ಚೆನ್ನಾಗಿ ಬಲ್ಲ ಭೀಮಸೇನ ಜೋಶಿಯವರ ರೆಕಾರ್ಡೊಂದನ್ನು ಹಿಡಿದು ಅಂಗಡಿಗೆ ಹೋಗಿ. ಅವರ ಷಡ್ಜ ನಿಮ್ಮ ಮನಸ್ಸಿನಲ್ಲಿರುವಂತೆಯೇ ತುಂಬಿ ನಿಂತರೆ ಆ ಕಾರ್ಟ್ರಿಜ್ಜನ್ನೇ ಕೊಳ್ಳಿ, ಕಡಿಮೆ ಬೆಲೆಯದಾದರೂ ಸರಿ.